ಮಂಗನ ಕಾಯಿಲೆ ಜಾಗೃತಿಗೆ ಸರ್ಕಾರದ ಅನುದಾನ: ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಾವು ಒಂಬತ್ತು ಜನ ಸೇರಿ ಎರಡು ವರ್ಷದ ಹಿಂದೆ ಒಂದು ಚಾರಿಟಬಲ್ ಟ್ರಸ್ಟ್ ನೋಂದಣಿ ಮಾಡಿಸಿದ್ದೇವೆ. ಮಂಗನ ಕಾಯಿಲೆ, ತಂಬಾಕು, ಬಿಪಿ–ಶುಗರ್, ಈ ಮೂರರ ಬಗ್ಗೆ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಆಸೆ. ಇದುವರೆಗೆ ಕೈಯಿಂದಲೇ ಖರ್ಚು ಮಾಡಿದ್ದೇವೆ. ಸರ್ಕಾರದ ಅನುದಾನ ಸಿಗುತ್ತದೆಯೇ? ಯಾರಿಗೆ ಅರ್ಜಿ ಕೊಡಬೇಕು? ದೆಹಲಿಯಿಂದ 25 ಲಕ್ಷ ಮಂಜೂರು ಮಾಡಿಸಿಕೊಡುತ್ತೇನೆ, ಹತ್ತು ಪರ್ಸೆಂಟ್ ಮುಂಗಡ ಕೊಡಿ ಎಂದು ಒಬ್ಬರು ಬೆನ್ನು ಬಿದ್ದಿದ್ದಾರೆ. ಕೊಡಬಹುದೇ?

ಉತ್ತರ: ಮುಂಗಡದ ವಿಷಯ ಮೊದಲು ಮುಗಿಸೋಣ. ಕೊಡಬೇಡಿ. ಸರ್ಕಾರದ ಅನುದಾನ ಕೇಳುವ ಸಂಸ್ಥೆಗಳು ಮಾಡಿಸಬೇಕಾದ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ನೋಂದಣಿಗೆ ಶುಲ್ಕವಿಲ್ಲ. ಅದು ನೀವೇ ಕೂತು ಮಾಡಬಹುದಾದ ಕೆಲಸ. ಅದಲ್ಲದೆ, ಬಹುತೇಕ ಕೇಂದ್ರ ಯೋಜನೆಗಳು ನೋಂದಣಿಯಾಗಿ ಮೂರು ವರ್ಷ ಕಳೆದಿರಬೇಕು, ಮೂರು ವರ್ಷದ ಆಡಿಟ್ ಆದ ಲೆಕ್ಕ ಇರಬೇಕು ಎನ್ನುತ್ತವೆ. ಎರಡು ವರ್ಷದ ಟ್ರಸ್ಟ್‌ಗೆ ಅದನ್ನು ದಾಟಿಸುತ್ತೇನೆ ಎನ್ನುವವರ ಹತ್ತಿರ ಇರುವುದು ಹಳೆಯ ತಾರೀಖಿನ ಕಾಗದ ಹುಟ್ಟಿಸುವ ದಾರಿ ಒಂದೇ. ನಾಳೆ ವಿಚಾರಣೆ ಬಂದರೆ ಆ ಕಾಗದದ ಮೇಲೆ ಇರುವುದು ನಿಮ್ಮ ಸಹಿ, ಅವರದ್ದಲ್ಲ.

ಅನುದಾನ ಸಿಗುತ್ತದೆ. ಆದರೆ ನಿಮ್ಮಂಥ ಸಂಸ್ಥೆಗೆ ಮೊದಲ ಹಣ ದೆಹಲಿಯಿಂದ ಬರುವುದಿಲ್ಲ, ಶಿವಮೊಗ್ಗದಿಂದ ಬರುತ್ತದೆ. ಅದೂ 25 ಲಕ್ಷವಲ್ಲ, ಎರಡು ಲಕ್ಷವೋ ಐದು ಲಕ್ಷವೋ. ಅದಕ್ಕಿಂತ ಮುಖ್ಯವಾದದ್ದು ಸಮಯ. ಸರ್ಕಾರದ ಹಣದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಂಗನ ಕಾಯಿಲೆ ಕಾಡಿನ ಉಣುಗು ಕಚ್ಚಿ ಬರುವ ವೈರಸ್ ಜ್ವರ, ಅದರ ವರ್ಷ ಬೇರೆ. ಮಳೆ ನಿಂತ ಮೇಲೆ ಉಣುಗಿನ ಮರಿಗಳು ಕಾಣಿಸಿಕೊಳ್ಳುತ್ತವೆ. ಅವು ಬೆಳೆದು ಮನುಷ್ಯರನ್ನು ಹೆಚ್ಚು ಕಚ್ಚುವ ಹಂತಕ್ಕೆ ಬರುವುದು ನವೆಂಬರ್–ಡಿಸೆಂಬರ್ ಹೊತ್ತಿಗೆ, ಆ ಕಾಟ ಮೇ ತಿಂಗಳವರೆಗೂ ಇರುತ್ತದೆ. ಅಂದರೆ ಮನೆ ಮನೆಗೆ ಹೋಗಿ ಹೇಳುವ ಕೆಲಸ ಅಕ್ಟೋಬರ್–ನವೆಂಬರ್‌ನಲ್ಲಿ ಮುಗಿದಿರಬೇಕು. ಮಂಜೂರಾತಿ ಆದೇಶ ಎಷ್ಟೋ ಸಲ ಕೈಸೇರುವುದು ಜನವರಿ–ಫೆಬ್ರುವರಿಯಲ್ಲಿ, ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುವ ಒತ್ತಡದಲ್ಲಿ. ಆಗ ಸಂಸ್ಥೆಗಳು ಏನು ಮಾಡುತ್ತವೆ? ಎರಡು ತಿಂಗಳಲ್ಲಿ ಹಣ ಮುಗಿಸಲು ಕರಪತ್ರ ಮುದ್ರಿಸಿ ಹಂಚುತ್ತವೆ. ಅಷ್ಟರಲ್ಲಿ ಜನ ಕಾಡಿನಿಂದ ದರಗು (ಒಣ ಎಲೆ) ಗುಡಿಸಿ ತಂದಾಗಿರುತ್ತದೆ, ಜ್ವರ ಬಂದಾಗಿರುತ್ತದೆ. ನಿಮ್ಮ ಪ್ರಸ್ತಾವನೆಯ ಬೆಲೆ ನಿಂತಿರುವುದು ಈ ಎರಡು ವರ್ಷಗಳನ್ನು ಹೊಂದಿಸುವುದರ ಮೇಲೆ.

ಇನ್ನು ಮೂರು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಮೂರನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಯಾವ ವಿಭಾಗದ ಹಣದಲ್ಲಿ ಕೊಡಬೇಕು ಎಂಬ ಪ್ರಶ್ನೆಯಲ್ಲೇ ಕಡತ ನಿಲ್ಲುತ್ತದೆ, ಏಕೆಂದರೆ ಒಂದೊಂದು ಕಾಯಿಲೆಗೂ ಒಂದೊಂದು ಲೆಕ್ಕ ಶೀರ್ಷಿಕೆ, ಒಬ್ಬೊಬ್ಬ ಅಧಿಕಾರಿ.

ಬಿಪಿ–ಶುಗರ್ ತಪಾಸಣೆಗೆ ಅನುದಾನ ಕೇಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. 30 ವರ್ಷ ದಾಟಿದ ಪ್ರತಿಯೊಬ್ಬರ ಆರೋಗ್ಯ ಮಾಹಿತಿಯ ನಮೂನೆ ತುಂಬಿ ತಪಾಸಣೆಗೆ ಕಳಿಸುವುದು ಆಶಾ ಕಾರ್ಯಕರ್ತೆಯರ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳ ಕೆಲಸವೇ ಆಗಿದೆ, ಜೊತೆಗೆ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಇದೆ. ನಡೆಯುತ್ತಿರುವ ಕೆಲಸವನ್ನೇ ಮತ್ತೆ ಮಾಡಲು ಯಾರೂ ಹಣ ಕೊಡುವುದಿಲ್ಲ. ಬೆರಳು ಚುಚ್ಚಿ ರಕ್ತ ತೆಗೆಯುವ ಶಿಬಿರ ಮಾಡಿದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೂ ನಿಮಗೆ ಅನ್ವಯಿಸುತ್ತವೆ. ಸೂಜಿ, ಹತ್ತಿ ಎಲ್ಲಿಗೆ ಹೋಯಿತು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಬದಲಿಗೆ, ಒಮ್ಮೆ ಬಿಪಿ ಇದೆ ಎಂದು ಗೊತ್ತಾಗಿ ಮಾತ್ರೆ ಬಿಟ್ಟವರನ್ನು ಮತ್ತೆ ಪಿಎಚ್‌ಸಿಗೆ ಕರೆತರುವ ಕೆಲಸ ಮುಂದೊಂದು ದಿನ ಎತ್ತಿಕೊಳ್ಳಿ. ಅಲ್ಲಿ ನಿಜವಾಗಿಯೂ ಕೈಗಳು ಸಾಲದಾಗಿವೆ. ತಂಬಾಕಿನ ವಿಷಯಕ್ಕೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶವಿದೆ. ಶಾಲಾ ಕಾರ್ಯಕ್ರಮಗಳಿಗೆ ಸಣ್ಣ ಮೊತ್ತ ಇರುತ್ತದೆ, ಸಂಪನ್ಮೂಲ ವ್ಯಕ್ತಿಗಳಾಗಿ ಹೋಗಬಹುದು. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವುದು ಮನೆಯ ಜಗುಲಿಯ ರೂಢಿಯಾಗಿರುವ ಊರುಗಳಲ್ಲಿ ಮಕ್ಕಳಿಗೆ ಮಾತ್ರ ಹೇಳಿದರೆ ಸಾಲದು ಎಂಬುದನ್ನೂ ಅಲ್ಲಿ ಹೇಳಿ.

ಉಳಿದದ್ದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಈ ಕಾಯಿಲೆಗೆ ನಿಮ್ಮ ಜಿಲ್ಲೆಯಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ, ಕಾರ್ಯಪಡೆಯಿದೆ, ಪ್ರತಿ ವರ್ಷ ಖರ್ಚಿನ ಬಾಬತ್ತೂ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಬ್ಬಿ ಜನ ಸತ್ತದ್ದನ್ನು ಇಲಾಖೆ ಮರೆತಿಲ್ಲ. ಹಳೆಯ ಲಸಿಕೆಯ ಬಳಕೆ ನಿಂತುಹೋಗಿರುವುದರಿಂದ ಉಳಿದಿರುವುದು ನಡವಳಿಕೆಯ ರಕ್ಷಣೆ ಮಾತ್ರ: ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚುವುದು, ಮೈ ತುಂಬ ಬಟ್ಟೆ, ದರಗಿನ ಮೇಲೆ ಕೂರದಿರುವುದು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಮಂಗ ಸತ್ತದ್ದು ಕಂಡರೆ ಮುಟ್ಟದೆ ತಿಳಿಸುವುದು, ಜ್ವರ ಬಂದ ದಿನವೇ ಪಿಎಚ್‌ಸಿಗೆ ಹೋಗುವುದು. ಇಷ್ಟೂ ಸಮುದಾಯದ ಸಂಸ್ಥೆ ಚೆನ್ನಾಗಿ ಮಾಡಬಲ್ಲ ಕೆಲಸ. ಸತ್ತ ಮಂಗದ ಸುತ್ತ 50 ಅಡಿ ಮಾಲಾಥಿಯಾನ್ ಪುಡಿ ಎರಚುವುದು, ರಕ್ತದ ಮಾದರಿ ತೆಗೆಯುವುದು ನಿಮ್ಮ ಕೆಲಸವಲ್ಲ. ಪ್ರಸ್ತಾವನೆಯಲ್ಲಿ ಅದನ್ನು ಬರೆಯಲೇಬೇಡಿ.

ಕಾಗದಪತ್ರದ ವಿಷಯ. ನೋಂದಾಯಿತ ಟ್ರಸ್ಟ್ ಡೀಡ್, ಟ್ರಸ್ಟ್ ಹೆಸರಿನ ಪ್ಯಾನ್, ಆದಾಯ ತೆರಿಗೆಯ ನೋಂದಣಿ (12ಎ, 80ಜಿ ಎಂದು ಎಲ್ಲರೂ ಕರೆಯುವುದು), ಎರಡು ವರ್ಷದ ಆಡಿಟ್ ವರದಿ, ದರ್ಪಣ್ ಐಡಿ, ರಾಜ್ಯ ಖಜಾನೆಯಿಂದ ಹಣ ಬರುವುದಾದರೆ ಖಜಾನೆ–2 ಎಂಬ ರಾಜ್ಯದ ಆನ್‌ಲೈನ್ ಖಜಾನೆ ವ್ಯವಸ್ಥೆಯ ಸ್ವೀಕೃತಿದಾರರ ಐಡಿ. ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಇದಕ್ಕೆ ಬೇಕಿಲ್ಲ. ಡೀಡ್‌ನಲ್ಲಿ ಮೂರು ಸಾಲುಗಳನ್ನು ಹುಡುಕಿ: ಉದ್ದೇಶಗಳಲ್ಲಿ ಸಾರ್ವಜನಿಕ ಆರೋಗ್ಯ ಎಂಬುದು ಇದೆಯೇ, ಟ್ರಸ್ಟಿಗಳಿಗೆ ಲಾಭ ಹಂಚುವಂತಿಲ್ಲ ಎಂದಿದೆಯೇ, ಟ್ರಸ್ಟ್ ಮುಚ್ಚಿದರೆ ಆಸ್ತಿ ಇಂಥದ್ದೇ ಬೇರೆ ಸಂಸ್ಥೆಗೆ ಹೋಗಬೇಕು ಎಂದಿದೆಯೇ. ಇಲ್ಲದಿದ್ದರೆ ಡೀಡ್ ತಿದ್ದುವ ದಾರಿಯನ್ನು ಆಡಿಟರ್ ಹತ್ತಿರ ಈಗಲೇ ಕೇಳಿ. ಒಂಬತ್ತು ಜನರಲ್ಲಿ ಒಂದೇ ಮನೆಯವರು ಎಷ್ಟಿದ್ದಾರೆ ಎಂಬುದನ್ನೂ ಪರಿಶೀಲಕರು ನೋಡುತ್ತಾರೆ.

ದರ್ಪಣ್‌ನಲ್ಲಿ ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಡೀಡ್‌ನಲ್ಲಿರುವ ಟ್ರಸ್ಟ್ ಹೆಸರು, ಪ್ಯಾನ್‌ನಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಪದಾಧಿಕಾರಿಗಳ ಆಧಾರ್ ಮತ್ತು ಪ್ಯಾನ್‌ನಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಾಳೆಯಾಗುವುದಿಲ್ಲ. ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಶಿವಮೊಗ್ಗ. ಹಳೆಯ ದಾಖಲೆಗಳಲ್ಲಿ ಶಿಮೊಗ್ಗ ಎಂದೇ ಇರುತ್ತದೆ. ವಿಳಾಸವನ್ನು ಎಲ್ಲ ಕಡೆ ಒಂದೇ ರೀತಿ ಮಾಡಿಸಿಕೊಂಡು ಆಮೇಲೆ ಅರ್ಜಿಗೆ ಕೈ ಹಾಕಿ.

ಈಗ ಹಣ ಇರುವ ಜಾಗಗಳು. ಹತ್ತಿರದ್ದು ಗ್ರಾಮದಲ್ಲೇ ಇದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ ₹10,000ವರೆಗೆ ಮುಕ್ತ ನಿಧಿ ಇದೆ. ಅದು ನಿಮ್ಮ ಖಾತೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಗೋಡೆ ಬರಹ, ಸಭೆಯ ಖರ್ಚನ್ನು ಸಮಿತಿಯೇ ಮಾಡುವಂತೆ ಆಶಾ ಅವರ ಜೊತೆ ಕೂತು ನಿರ್ಣಯ ಬರೆಸಿದರೆ ನಿಮ್ಮ ಬಜೆಟ್ ಅಷ್ಟು ಹಗುರ. ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಆ ಗ್ರಾಮಸಭೆಯಲ್ಲಿ ‘ಮಂಗನ ಕಾಯಿಲೆ ಮುಂಜಾಗ್ರತೆ’ ಎಂಬ ಸಾಲು ನಡಾವಳಿ ಪುಸ್ತಕದಲ್ಲಿ ದಾಖಲಾಗಲೇಬೇಕು. ಅದರ ದೃಢೀಕೃತ ಪ್ರತಿ ನಿಮ್ಮ ಪ್ರಸ್ತಾವನೆಯ ಜೊತೆ ಇಡುವ ಅತ್ಯಂತ ಗಟ್ಟಿ ಕಾಗದ. ಊರು ಕೇಳಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿ, ಅದೇ ಕಚೇರಿಯ ಜಿಲ್ಲಾ ಆರೋಗ್ಯ ಶಿಕ್ಷಣಾಧಿಕಾರಿ, ಮತ್ತು ವೈರಸ್ ಪ್ರಯೋಗಾಲಯದ ಉಪನಿರ್ದೇಶಕರು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಜಿಲ್ಲೆಯ ಕ್ರಿಯಾಯೋಜನೆಯಲ್ಲಿ ಮೊದಲೇ ಬರೆದ ಸಾಲುಗಳಿಗೆ ಮಾತ್ರ ಬರುತ್ತದೆ. ಯೋಜನೆಯಲ್ಲಿ ಸಾಲೇ ಇಲ್ಲದಿದ್ದರೆ ಅಧಿಕಾರಿಗೆ ಮನಸ್ಸಿದ್ದರೂ ಕೊಡಲಾಗುವುದಿಲ್ಲ. ಬೇಡಿಕೆ ಮೇಲಕ್ಕೆ ಹೋಗುವುದು ವರ್ಷದ ಕೊನೆಯ ತಿಂಗಳುಗಳಲ್ಲಿ, ಕೆಲವೊಮ್ಮೆ ಎರಡು ವರ್ಷಕ್ಕೆ ಒಟ್ಟಿಗೆ. ಆದ್ದರಿಂದ ಈ ಸೆಪ್ಟೆಂಬರ್‌ನಲ್ಲಿ ಎರಡು ಪುಟದ ಪರಿಕಲ್ಪನಾ ಟಿಪ್ಪಣಿ ಕೊಡಿ, ಹಿಂಬರಹ ಹಾಕಿಸಿಕೊಳ್ಳಿ, ಹಣವನ್ನು ಮುಂದಿನ ಆರ್ಥಿಕ ವರ್ಷಕ್ಕೆ ಕೇಳಿ. ಮೊದಲ ಕಂತು ಆಗಸ್ಟ್ ಒಳಗೆ ಏಕೆ ಬೇಕು ಎಂಬುದನ್ನು ಉಣುಗಿನ ಕಾಲಚಕ್ರ ತೋರಿಸಿಯೇ ಬರೆಯಿರಿ. ವೈದ್ಯರಿಗೆ ಆ ತರ್ಕ ತಕ್ಷಣ ಹಿಡಿಯುತ್ತದೆ.

ಮೂರನೇ ವರ್ಷ ದಾಟಿದ ಮೇಲೆ ದಾರಿಗಳು ಹೆಚ್ಚುತ್ತವೆ. ಕ್ಷಯರೋಗ ಕಾರ್ಯಕ್ರಮಕ್ಕೆ 2019ರ ಪಾಲುದಾರಿಕೆ ಮಾರ್ಗಸೂಚಿ ಇದೆ. ರೋಗಿಗಳನ್ನು ಹುಡುಕುವುದು, ಕಫದ ಮಾದರಿ ಸಾಗಿಸುವುದು, ಸಮುದಾಯ ಜಾಗೃತಿ ಇವಕ್ಕೆ ಸಂಸ್ಥೆಗಳನ್ನು ಗೊತ್ತುಪಡಿಸಿಕೊಳ್ಳುತ್ತಾರೆ, ಜಿಲ್ಲಾ ಕ್ಷಯರೋಗ ಅಧಿಕಾರಿಯನ್ನು ನೋಡಬೇಕು. ನಿಕ್ಷಯ್ ಮಿತ್ರ ಎಂಬುದು ಅನುದಾನವಲ್ಲ, ಅದರಲ್ಲಿ ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರ ಮುಂತಾದ ನೆರವು ಕೊಡುವವರು ನೀವು. ಎಚ್‌ಐವಿ ತಡೆ ಕೆಲಸಕ್ಕೆ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಪತ್ರಿಕಾ ಪ್ರಕಟಣೆ ಕೊಟ್ಟು ಅರ್ಜಿ ಕರೆಯುತ್ತದೆ, ತಂಡ ಬಂದು ಕಚೇರಿ, ಲೆಕ್ಕ ಎರಡನ್ನೂ ನೋಡುತ್ತದೆ. ಕುಡಿತ, ಮಾದಕ ವ್ಯಸನ ತಡೆಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಇ–ಅನುದಾನ ಪೋರ್ಟಲ್ ಇದೆ. ಹಸಲರು, ಮೇದರು, ಹಕ್ಕಿಪಿಕ್ಕಿ ಮುಂತಾದ ಪರಿಶಿಷ್ಟ ಪಂಗಡಗಳ ನಡುವೆ ಕೆಲಸ ಮಾಡುವುದಾದರೆ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಸಂಚಾರಿ ಚಿಕಿತ್ಸಾಲಯದಂಥವಕ್ಕೆ ಸಾಮಾನ್ಯವಾಗಿ ಶೇ 90 ಕೊಡುತ್ತದೆ, ಶೇ 10 ನಿಮ್ಮದು. ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಶಿವಮೊಗ್ಗದಲ್ಲೇ ಇದೆಯಲ್ಲ ಎಂದು ಹಲವರು ಅಲ್ಲಿಗೆ ಹೋಗುತ್ತಾರೆ. ಅದರ ಹಣ ಹೆಚ್ಚಾಗಿ ರಸ್ತೆ, ಕಾಲುಸಂಕ, ಸಮುದಾಯ ಭವನಗಳ ಕಾಮಗಾರಿಗೆ. ಜಾಗೃತಿ ಕೆಲಸಕ್ಕೆ ಅಲ್ಲಿ ಕಾಯಬೇಡಿ.

ಒಂದು ವ್ಯತ್ಯಾಸ ತಿಳಿದಿರಲಿ. ಇಲಾಖೆ ಕೊಡುವುದೆಲ್ಲ ಅನುದಾನವಲ್ಲ. ‘ಇಷ್ಟು ಬೀದಿನಾಟಕ ಮಾಡಿ, ಇಷ್ಟು ಬಿಲ್ ಕೊಡಿ’ ಎಂದರೆ ಅದು ಸೇವೆಯ ಖರೀದಿ, ಸರ್ಕಾರಿ ಖರೀದಿಗೆ ಇರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಅಥವಾ ಕೊಟೇಷನ್ ಮೂಲಕ ಬರುತ್ತದೆ. ಆಗ ಜಿಎಸ್‌ಟಿ ಪ್ರಶ್ನೆ ಏಳುತ್ತದೆ. ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿಯಾದವರು ನಡೆಸುವ ರೋಗತಡೆ ಜಾಗೃತಿಗೆ ವಿನಾಯಿತಿ ಇದೆ. ಆ ನೋಂದಣಿ ಇಲ್ಲದಿದ್ದರೆ ವಿನಾಯಿತಿಯೂ ಇಲ್ಲ. ಇನ್ನೊಂದು, 2021ರಲ್ಲಿ ರಾಜ್ಯಕ್ಕೆ ಒಂದೇ ನೋಡಲ್ ಖಾತೆ ಎಂಬ ವ್ಯವಸ್ಥೆ ಬಂದ ಮೇಲೆ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಮೊದಲಿನಂತೆ ಜಿಲ್ಲೆಯ ಖಾತೆಗೆ ಬಂದು ಕೂರುವುದಿಲ್ಲ. ಕೆಲಸ ಮಾಡಿ ಬಿಲ್ ಕೊಟ್ಟ ಮೇಲೆ ಪಾವತಿ ಎನ್ನುವುದು ಹೆಚ್ಚಾಗಿದೆ. ಮೂರು ತಿಂಗಳ ಸಂಬಳ ಕೊಡುವಷ್ಟು ಹಣ ನಿಮ್ಮ ಹತ್ತಿರ ಇಲ್ಲದಿದ್ದರೆ ಒಪ್ಪಂದಕ್ಕೆ ಸಹಿ ಮಾಡಬೇಡಿ.

ಪ್ರಸ್ತಾವನೆ ಬರೆಯುವಾಗ ಕಾಯಿಲೆಯ ಇತಿಹಾಸಕ್ಕೆ ನಾಲ್ಕು ಸಾಲು ಸಾಕು, ಓದುವವರಿಗೆ ಅದು ಗೊತ್ತು. ಅವರಿಗೆ ಗೊತ್ತಿಲ್ಲದ್ದು ನಿಮ್ಮ ಊರು. ಯಾವ ಕೇರಿಯವರು ಯಾವ ತಿಂಗಳು ದರಗು, ಸೊಪ್ಪು, ಸೌದೆಗೆ ಯಾವ ಗುಡ್ಡ ಹತ್ತುತ್ತಾರೆ, ಅಡಿಕೆ ಕೊಯ್ಲಿಗೆ ಹೊರಗಿನಿಂದ ಬರುವ ಕೂಲಿಯವರು ಎಲ್ಲಿ ಉಳಿಯುತ್ತಾರೆ, ಯಾರ ದನ ಕಾಡಿನಲ್ಲಿ ಮೇಯುತ್ತದೆ, ಕಳೆದ ವರ್ಷ ಕೊಟ್ಟ ಎಣ್ಣೆ ಬಾಟಲಿ ಎಷ್ಟು ಮನೆಯಲ್ಲಿ ಮುಚ್ಚಳ ತೆರೆಯದೆ ಉಳಿದಿದೆ. ಒಂದು ಉಪಕೇಂದ್ರದ ವ್ಯಾಪ್ತಿಯನ್ನು ಮಾತ್ರ ತೆಗೆದುಕೊಳ್ಳಿ. ಗುಡ್ಡಗಾಡಿನಲ್ಲಿ ಅದು ಸುಮಾರು 3,000 ಜನ. ಹದಿನಾಲ್ಕು ಹಳ್ಳಿ, ಮೂರು ಪಂಚಾಯಿತಿ ಎಂದು ಹರಡಿದರೆ ಮಳೆಗಾಲದ ರಸ್ತೆಯಲ್ಲೇ ಕಾರ್ಯಕರ್ತರ ದಿನ ಮುಗಿಯುತ್ತದೆ.

ಫಲಿತಾಂಶದ ಅಳತೆಗೆ ‘5,000 ಕರಪತ್ರ ಹಂಚಿಕೆ’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ಕಾಡಿಗೆ ಹೋಗುವವರ ಮನೆಗಳ ಪಟ್ಟಿ ಅಕ್ಟೋಬರ್ 31ಕ್ಕೆ ಪೂರ್ಣ, ಆ ಮನೆಗಳಲ್ಲಿ ಎಣ್ಣೆ ನಿಜವಾಗಿ ಹಚ್ಚುವವರ ಪ್ರಮಾಣ ಡಿಸೆಂಬರ್‌ನಲ್ಲಿ ಎಷ್ಟು, ಫೆಬ್ರುವರಿಯಲ್ಲಿ ಎಷ್ಟು, ಜ್ವರ ಶುರುವಾದ ದಿನಕ್ಕೂ ರಕ್ತ ಕೊಟ್ಟ ದಿನಕ್ಕೂ ನಡುವಿನ ಅಂತರ. ಕೊನೆಯದು ಇಲಾಖೆಗೆ ಚಿನ್ನದಂಥ ಮಾಹಿತಿ, ಏಕೆಂದರೆ ಜ್ವರದ ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲೇ ಆರ್‌ಟಿ–ಪಿಸಿಆರ್‌ನಿಂದ ವೈರಸ್ ಸುಲಭವಾಗಿ ಸಿಗುವುದು. ಅಂತರದ ಲೆಕ್ಕವನ್ನು ಪಿಎಚ್‌ಸಿ ಕೊಡಲಿ, ಹೆಸರುಗಳು ನಿಮಗೆ ಬೇಡ. ರೋಗಿಯ ಫೋಟೊ ವರದಿಯಲ್ಲಿ ಹಾಕಬೇಡಿ.

ಬಜೆಟ್ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ, ಎಂಟು ತಿಂಗಳಿಗೆ, ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ. ಇಬ್ಬರು ಕ್ಷೇತ್ರ ಕಾರ್ಯಕರ್ತರು, ತಿಂಗಳಿಗೆ ₹16,000ರಂತೆ ₹2,56,000. ಅರೆಕಾಲಿಕ ಸಂಯೋಜಕರು, ₹10,000ರಂತೆ ₹80,000. ಕಾರ್ಯಕರ್ತರ ಓಡಾಟಕ್ಕೆ ತಲಾ ₹3,000ರಂತೆ ₹48,000. ಗೋಡೆ ಬರಹ 40ಕ್ಕೆ ₹1,200ರಂತೆ ₹48,000. ಕೇರಿ ಸಭೆ 60ಕ್ಕೆ ₹600ರಂತೆ ₹36,000. ಎರಡು ದಿನದ ತರಬೇತಿ, 30 ಜನಕ್ಕೆ ದಿನಕ್ಕೆ ₹250ರಂತೆ ₹15,000. ಆಡಿಟ್, ಲೇಖನ ಸಾಮಗ್ರಿ, ಬ್ಯಾಂಕ್ ಖರ್ಚು ₹22,000. ಒಟ್ಟು ₹5,05,000. ಶೇ 10 ನಿಮ್ಮ ಪಾಲು ಎಂದರೆ ₹50,500, ಅದನ್ನು ನಗದಾಗಿ ಕಟ್ಟಬೇಕೋ ಸ್ವಯಂಸೇವೆಯ ಲೆಕ್ಕ ನಡೆಯುತ್ತದೋ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಸಂಬಳದ ಅಂಕಿಯನ್ನು ಆ ವರ್ಷದ ಕನಿಷ್ಠ ವೇತನ ಅಧಿಸೂಚನೆಗೆ ತಾಳೆ ನೋಡಿ ತಿದ್ದಿ. ಮೋಟಾರ್ ಸೈಕಲ್, ಲ್ಯಾಪ್‌ಟಾಪ್ ಸೇರಿಸಿದರೆ ಮೊದಲು ಕತ್ತರಿ ಬೀಳುವುದು ಅವಕ್ಕೇ. ಡೆಪಾ ಎಣ್ಣೆಯನ್ನು ಬಜೆಟ್‌ನಲ್ಲಿ ಹಾಕಬೇಡಿ. ಇಲಾಖೆ ಉಚಿತವಾಗಿ ಹಂಚುವ ವಸ್ತು ಅದು, ನೀವು ಕೊಳ್ಳುವುದಕ್ಕೆ ಹೊರಟರೆ ಎರಡೆರಡು ಸಲ ಖರ್ಚು ಎಂಬ ಆಕ್ಷೇಪಣೆ ಬರುತ್ತದೆ. ಈ ಬಜೆಟ್‌ನಲ್ಲಿ ಏಪ್ರಿಲ್ ತಿಂಗಳು ಮುಂದಿನ ಆರ್ಥಿಕ ವರ್ಷಕ್ಕೆ ಹೋಗುವುದನ್ನು ಗಮನಿಸಿದಿರಾ? ಮಾರ್ಚ್ 31ಕ್ಕೆ ಉಳಿದ ಮೊತ್ತವನ್ನು ಏಪ್ರಿಲ್‌ಗೆ ಬಳಸಲು ಅನುಮತಿಯನ್ನು ಮಂಜೂರಾತಿ ಆದೇಶದಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಹಣ ವಾಪಸ್ ಕಟ್ಟಿ ಎನ್ನುವ ಪತ್ರ ಬರುತ್ತದೆ.

ಹಣ ಬಂದ ಮೇಲಿನ ಶಿಸ್ತು ಅರ್ಜಿಗಿಂತ ಕಷ್ಟದ್ದು. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಹಣ ಬಿಡುಗಡೆಗೆ ಮುಂಚೆ ಕಾರ್ಯಕಾರಿ ಸಮಿತಿಯ ಸದಸ್ಯರು ಬಾಂಡ್ ಬರೆದುಕೊಡಬೇಕು, ಹೊಣೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಇರುತ್ತದೆ. ಹೆಸರಿಗೆ ಟ್ರಸ್ಟಿಯಾದ ನಿಮ್ಮ ಸ್ನೇಹಿತರಿಗೆ ಇದನ್ನು ಮೊದಲೇ ತಿಳಿಸಿ. ಇದೇ ಕೆಲಸಕ್ಕೆ ಬೇರೆ ಇಲಾಖೆಯಲ್ಲಿ ಹಣ ಪಡೆದಿಲ್ಲ, ಕೇಳಿಲ್ಲ ಎಂಬ ಪ್ರಮಾಣಪತ್ರವೂ ಬೇಕು. ಆದ್ದರಿಂದ ಒಂದೇ ಪ್ರಸ್ತಾವನೆಯ ತಾರೀಖು ಬದಲಿಸಿ ನಾಲ್ಕು ಕಡೆ ಕಳಿಸುವ ಅಭ್ಯಾಸ ಅಪಾಯಕಾರಿ. ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಅದರಲ್ಲಿ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಮರಳಿ ಕಟ್ಟಬೇಕು. ವರ್ಷ ಮುಗಿದ ಮೇಲೆ ಹಣ ಬಳಕೆ ಪ್ರಮಾಣಪತ್ರವನ್ನು ಅದೇ ನಿಯಮಗಳ ಜಿಎಫ್‌ಆರ್ 12–ಎ ನಮೂನೆಯಲ್ಲಿ ಕೊಡಬೇಕು. ಹನ್ನೆರಡು ತಿಂಗಳ ಅವಕಾಶ ಇದೆ ಎಂದು ನಿಯಮ ಹೇಳಿದರೂ, ಅದು ಹೋಗದೆ ಎರಡನೇ ಕಂತು ಬರುವುದಿಲ್ಲ. ರಾಜ್ಯದ ಹಣಕ್ಕೆ ನಮೂನೆ ಬೇರೆ, ಆದೇಶದ ಜೊತೆಗೇ ಕೇಳಿ ಪಡೆಯಿರಿ.

ಲೆಕ್ಕ ತಪ್ಪುವ ಜಾಗಗಳು ಎಲ್ಲ ಕಡೆ ಹೆಚ್ಚುಕಡಿಮೆ ಅವೇ. ಮುದ್ರಣಕ್ಕೆ ಇಟ್ಟಿದ್ದನ್ನು ಓಡಾಟಕ್ಕೆ ಖರ್ಚು ಮಾಡುವುದು, ಅನುಮತಿ ಇಲ್ಲದೆ. ದಿನದ ಕೂಲಿಯವರಿಗೆ ಒಟ್ಟು ಮೊತ್ತವನ್ನು ಒಂದೇ ವೋಚರ್‌ನಲ್ಲಿ ತೋರಿಸುವುದು. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಡುವುದು. ಸಭೆ ನಡೆದ ದಿನ ಹಾಜರಿ ಪುಸ್ತಕದಲ್ಲಿ ಆಶಾ ಅಥವಾ ಪಂಚಾಯಿತಿ ಸದಸ್ಯರ ಸಹಿ ಹಾಕಿಸದೆ ಮಾರ್ಚ್‌ನಲ್ಲಿ ಒಟ್ಟಿಗೆ ಹಾಕಿಸುವುದು, ಒಂದೇ ಪೆನ್ನಿನ ಮಸಿ ಪುಟವಿಡೀ ಕಂಡರೆ ಆಡಿಟರ್‌ಗೆ ಬೇರೆ ಹೇಳಬೇಕಿಲ್ಲ. ಪೆಟ್ರೋಲ್ ಬಂಕ್‌ನ ಯಂತ್ರದ ರಸೀದಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಫೈಲುಗಳಿಗೆ ಬೂಷ್ಟು ಹಿಡಿಯುತ್ತದೆ. ಪ್ರತಿ ಬಿಲ್ಲನ್ನೂ ಅದೇ ವಾರ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಪ್ರತಿಯನ್ನು ಬೇರೆಡೆ ಇಡಿ. ಗೋಡೆ ಬರಹ, ಕರಪತ್ರದ ಪಠ್ಯವನ್ನು ಆರೋಗ್ಯ ಶಿಕ್ಷಣಾಧಿಕಾರಿಯಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಬರೆಸಿ. ‘ಮಂಗನಿಂದ ಮನುಷ್ಯನಿಗೆ ನೇರ ಹರಡುತ್ತದೆ’ ಎಂದು ತಪ್ಪು ಬರೆದರೆ ಉಣುಗನ್ನು ಬಿಟ್ಟು ಜನ ಮಂಗಗಳನ್ನು ಹೊಡೆಯಲು ಹೊರಡುತ್ತಾರೆ.

ಟ್ರಸ್ಟ್‌ಗೆ ಇನ್ನೂ ಎರಡೇ ವರ್ಷ ಎಂಬ ಕೊರತೆ ತುಂಬಲು ಮೂರು ವರ್ಷ ದಾಟಿದ ದೊಡ್ಡ ಸಂಸ್ಥೆಯೊಂದರ ಜೊತೆ ಸೇರುವ ಆಲೋಚನೆ ಬರಬಹುದು. ಒಳ್ಳೆಯದೇ. ಆದರೆ ಅವರು ಅನುದಾನ ಪಡೆದು ನಿಮಗೆ ವಹಿಸಿಬಿಡುವಂತಿಲ್ಲ, ಬಾಂಡ್‌ನ ಷರತ್ತು ಅದನ್ನು ತಡೆಯುತ್ತದೆ. ಪಾಲುದಾರ ಸಂಸ್ಥೆ ಎಂದು ನಿಮ್ಮ ಹೆಸರು, ನಿಮ್ಮ ಕೆಲಸ, ನಿಮ್ಮ ಪಾಲಿನ ಮೊತ್ತ ಮೂಲ ಪ್ರಸ್ತಾವನೆಯಲ್ಲೇ ಇದ್ದು ಮಂಜೂರಾತಿ ಆದೇಶದಲ್ಲೂ ಬರಬೇಕು. ಬಂದಿಲ್ಲವಾದರೆ ಅವರ ಹಣದಿಂದ ಒಂದು ರೂಪಾಯಿಯನ್ನೂ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ನಿಮ್ಮ ಕಾರ್ಯಕರ್ತರನ್ನು ಅವರೇ ನೇಮಿಸಿಕೊಂಡು ಅವರೇ ಸಂಬಳ ಕೊಡಲಿ. ಅವರಿಂದ ಅನುಭವ ಪತ್ರ ಮಾತ್ರ ಪಡೆಯಿರಿ, ಮುಂದಿನ ಅರ್ಜಿಗೆ ಅದು ಸಾಕಾಗುತ್ತದೆ.